ಮೂತ್ರದ ಚೀಲ ನೇರಳೆ ಬಣ್ಣಕ್ಕೆ ತಿರುಗಿದರೆ ಏನು ಮಾಡಬೇಕು?



ಲಕ್ವ ಹೊಡೆದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ, ಪ್ರಾಸ್ಟೇಟ್ ತೊಂದರೆಯಿರುವ ಹಿರಿಯರಿಗೆ ಕೆಲವೊಮ್ಮೆ ಮೂತ್ರದ ಪೈಪು, ಅಂದರೆ ಕ್ಯಾಥೆಟರ್, ಹಾಕಿ ಮನೆಗೆ ಕಳಿಸುತ್ತಾರೆ. ಅವರ ಆರೈಕೆ ಹೆಚ್ಚಾಗಿ ಮನೆಯ ಹೆಣ್ಣುಮಕ್ಕಳ ಪಾಲಿಗೇ ಬರುತ್ತದೆ. ಒಂದು ದಿನ ನೋಡಿದರೆ ಚೀಲವೆಲ್ಲ ನೇರಳೆ! ಒಬ್ಬರು ದೃಷ್ಟಿ ತಾಗಿದೆ ಅಂತಾರೆ, ಇನ್ನೊಬ್ಬರು ಮೆಡಿಕಲ್ ಶಾಪಿನಿಂದ ಮಾತ್ರೆ ತರ್ತಾರೆ. ಎರಡೂ ಬೇಡ.

ಈ ಬಣ್ಣ ಯಾಕೆ ಬರುತ್ತದೆ?

ನಮ್ಮ ಆಹಾರದ ಪ್ರೋಟೀನಿನಲ್ಲಿ ಟ್ರಿಪ್ಟೊಫಾನ್ ಎಂಬ ಅಂಶವಿದೆ. ಮಲಬದ್ಧತೆ ಇದ್ದಾಗ ಕರುಳಿನ ಬ್ಯಾಕ್ಟೀರಿಯಾಗಳು ಅದನ್ನು ಹೆಚ್ಚಾಗಿ ಒಡೆಯುತ್ತವೆ. ಅದರಿಂದಾದ ವಸ್ತು ಮೂತ್ರದಲ್ಲಿ ಬರುತ್ತದೆ. ಪೈಪಿನಲ್ಲಿ ನೆಲೆಸಿದ ಪ್ರಾವಿಡೆನ್ಸಿಯಾ, ಮಾರ್ಗನೆಲ್ಲ, ಪ್ರೋಟಿಯಸ್ ಮುಂತಾದ ಬ್ಯಾಕ್ಟೀರಿಯಾಗಳು ಅದನ್ನು ನೀಲಿ, ಕೆಂಪು ಬಣ್ಣಗಳಾಗಿ ಮಾಡುತ್ತವೆ. ಎರಡೂ ಸೇರಿ ನೇರಳೆ. ಇವುಗಳಲ್ಲಿ ಮೊದಲಿನ ಎರಡು, ಪೈಪು ಇಲ್ಲದವರಲ್ಲಿ ಸೋಂಕು ಮಾಡುವುದು ಅಪರೂಪ.

ಔಷಧಿ ಯಾವಾಗ ಬೇಕು?

ಪೈಪು ಹಾಕಿ ತಿಂಗಳಾದರೆ ಹೆಚ್ಚುಕಡಿಮೆ ಎಲ್ಲರ ಮೂತ್ರದಲ್ಲೂ ಬ್ಯಾಕ್ಟೀರಿಯಾ ಇರುತ್ತದೆ. ಆದ್ದರಿಂದ ಬಣ್ಣ, ವಾಸನೆ ನೋಡಿ ಮಾತ್ರ ಆಂಟಿಬಯೋಟಿಕ್ ಕೊಡಬಾರದು. ನರ್ಸ್ ಅಥವಾ ಡಾಕ್ಟರಿಗೆ ತಿಳಿಸಿ. ಪೈಪು, ಚೀಲ ಬದಲಿಸಿ ಮಲಬದ್ಧತೆ ಸರಿಪಡಿಸಿದರೆ ಬಣ್ಣ ಸಾಮಾನ್ಯವಾಗಿ ಹೋಗುತ್ತದೆ.

ಆದರೆ ಈ ಲಕ್ಷಣಗಳಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ:
• ಜ್ವರ, ಚಳಿ ನಡುಕ
• ಸೊಂಟದ ಪಕ್ಕದಲ್ಲಿ ಅಥವಾ ಕಿಬ್ಬೊಟ್ಟೆಯಲ್ಲಿ ನೋವು
• ಇದ್ದಕ್ಕಿದ್ದಂತೆ ಮಂಕಾಗುವುದು, ತೊದಲುವುದು
• ಮೂತ್ರದಲ್ಲಿ ರಕ್ತ, ಅಥವಾ ಮೂತ್ರ ನಿಂತುಹೋಗುವುದು

ಪರೀಕ್ಷೆ ಹೇಗೆ?

ಚೀಲದಲ್ಲಿ ನಿಂತ ಮೂತ್ರ ಪರೀಕ್ಷೆಗೆ ಆಗುವುದಿಲ್ಲ. ಪೈಪು ಹಾಕಿ ಎರಡು ವಾರ ದಾಟಿದ್ದರೆ, ಅದನ್ನು ಬದಲಿಸಿ ಹೊಸ ಪೈಪಿನಿಂದಲೇ ಮೂತ್ರ ತೆಗೆಯಬೇಕು. ಅದೂ ಆಂಟಿಬಯೋಟಿಕ್ ಶುರು ಮಾಡುವ ಮೊದಲು. ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧಿ ನಾಟುತ್ತದೆ ಎಂದು ಅದರಲ್ಲಿ ತಿಳಿಯುತ್ತದೆ. ಮೂತ್ರದ ಸೋಂಕಿಗೆ ಸಾಮಾನ್ಯವಾಗಿ ಕೊಡುವ ನೈಟ್ರೋಫ್ಯುರಾಂಟೊಯಿನ್ ಮಾತ್ರೆಗೆ ಮೇಲೆ ಹೇಳಿದ ಮೂರೂ ಬಗ್ಗುವುದಿಲ್ಲ. ಅಂಗಡಿಯ ಮಾತ್ರೆಗೆ ಹಣ ಹಾಕಿ, ರೋಗ ಬೆಳೆಸಿಕೊಳ್ಳುವುದು ಬೇಡ. ಬೇಗ ಗುಣ ಕಂಡರೆ ಸಾಮಾನ್ಯವಾಗಿ 7 ದಿನ, ತಡವಾದರೆ 10ರಿಂದ 14 ದಿನ ಔಷಧಿ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ನಾವು ಮಾಡಬೇಕಾದ್ದು

ಪೈಪು ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯೋಣ. ಚೀಲ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ. ಪೈಪು ಮಡಚಿಕೊಳ್ಳದಂತೆ ನೋಡಿಕೊಳ್ಳೋಣ. ಪ್ರತಿ ಸಲ ಡಾಕ್ಟರ ಹತ್ತಿರ ಹೋದಾಗ, "ಪೈಪು ಇನ್ನೂ ಬೇಕಾ?" ಎಂದು ಕೇಳೋಣ. ಬೇಡವಾದ ಪೈಪನ್ನು ಬೇಗ ತೆಗೆಸುವುದೇ ಸೋಂಕಿನಿಂದ ಪಾರಾಗುವ ಒಳ್ಳೆಯ ದಾರಿ.

ಇದನ್ನು ಸಂಘದ ಸಭೆಯಲ್ಲಿ ಓದಿ, ಹಾಸಿಗೆ ಹಿಡಿದವರಿರುವ ಮನೆಗಳಿಗೂ ತಿಳಿಸಿ.