ಸಾಸಿವೆಯಷ್ಟು ವೈರಸ್, ಕೋಟಿ ದನ

ಚರ್ಮಗಂಟು ರೋಗ ತಗಲದಂತೆ ಹಸುವಿಗೆ ಚುಚ್ಚುವ ಒಂದು ಡೋಸ್ ಲಸಿಕೆಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಎಷ್ಟಿರುತ್ತದೆ? ಸುಮಾರು ಮೂರು ಸಾವಿರ ಎಂದಿಟ್ಟುಕೊಳ್ಳಿ. ಒಂದೊಂದರ ಉದ್ದ ಮಿಲಿಮೀಟರಿನ ಮೂರು ಸಾವಿರದಲ್ಲೊಂದು ಪಾಲು. ಅಷ್ಟನ್ನೂ ಒಂದರ ಹಿಂದೊಂದು ನಿಲ್ಲಿಸಿದರೆ ಸಾಲಿನ ಉದ್ದ ಒಂದೇ ಒಂದು ಮಿಲಿಮೀಟರ್. ಮುನ್ನೂರು ಕಿಲೋ ತೂಗುವ ಜೀವವೊಂದರ ಕಾವಲಿಗೆ ಅಷ್ಟು ಸಾಕು.

ಈ ಲಸಿಕೆಯ ತಂತ್ರಜ್ಞಾನವನ್ನು ಪುಣೆಯ ಔಂಧ್‌ನಲ್ಲಿರುವ ಮಹಾರಾಷ್ಟ್ರ ಸರ್ಕಾರದ ಪಶು ಲಸಿಕೆ ತಯಾರಿಕಾ ಸಂಸ್ಥೆಗೆ ಕೊಡುವ ಒಪ್ಪಂದ 2022ರ ಡಿಸೆಂಬರಿನಲ್ಲಿ ಆಯಿತು. ಆ ರಾಜ್ಯದಲ್ಲಿ 2019ರ ಗಣತಿಯಂತೆ ಸುಮಾರು 1.4 ಕೋಟಿ ದನಗಳಿವೆ. ಎಲ್ಲಕ್ಕೂ ಒಂದೊಂದು ಡೋಸ್ ಎಂದರೆ 4,200 ಕೋಟಿ ವೈರಸ್. ಸಾಲು ನಿಲ್ಲಿಸಿದರೆ 14 ಕಿಲೋಮೀಟರ್. ಔಂಧ್‌ನಿಂದ ಹೊರಟು ಪುಣೆಯನ್ನು ದಾಟಿ ಹಡಪ್ಸರದ ಕಡೆಗೆ ಹೋಗಿಬಿಡುತ್ತದೆ. ತೂಕ? ಸಿಡುಬಿನ ಕುಲದ ವೈರಸ್‌ಗಳು ಸುಮಾರು ನೂರು ಲಕ್ಷ ಕೋಟಿ ಸೇರಿದರೆ ಒಂದು ಗ್ರಾಂ ತೂಗುತ್ತವೆ. ಆ ಲೆಕ್ಕಕ್ಕೆ ಇಡೀ ರಾಜ್ಯದ ಪಾಲು ಅರ್ಧ ಮಿಲಿಗ್ರಾಮಿಗೂ ಕಡಿಮೆ! ಸತ್ತ ವೈರಸ್‌ಗಳನ್ನೂ ಸೇರಿಸಿ ಹತ್ತು ಪಟ್ಟು ಎಂದರೂ ಒಂದೆರಡು ಸಾಸಿವೆ ಕಾಳಿನ ತೂಕ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ 42 ಲಕ್ಷ ಟನ್ ದನ.

ರೋಗದ ಕಡೆಯಿಂದ ಎಣಿಸಿದರೆ ಎದೆ ಭಾರವಾಗುತ್ತದೆ. ಈ ವೈರಸ್ಸಿನ ವಂಶವಾಹಿ ಬರಹ ಸುಮಾರು 1.5 ಲಕ್ಷ ಅಕ್ಷರ. ಹಸುವಿನದು ಅದರ ಹದಿನೆಂಟು ಸಾವಿರ ಪಟ್ಟು ದೊಡ್ಡದು. 2019ರಲ್ಲಿ ಒಡಿಶಾದಲ್ಲಿ ಕಾಣಿಸಿಕೊಂಡು, ಸೊಳ್ಳೆ, ನೊಣ, ಉಣ್ಣೆಗಳ ಬೆನ್ನೇರಿ ದೇಶ ಸುತ್ತಿದ ಅದು 2022ರ ಒಂದೇ ವರ್ಷದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳನ್ನು ಕೊಂದಿತು. ಅಕ್ಷರಕ್ಕೊಂದು ಹಸು. ಮೈತುಂಬ ಗಂಟೆದ್ದು, ಮೇವು ಬಿಟ್ಟು ನಿಂತ ಹಸುವನ್ನು ಕೊಟ್ಟಿಗೆಯಲ್ಲಿ ಕಂಡವರಿಗೆ ಆ ಸಂಖ್ಯೆಯ ಒಂದೊಂದು ಅಂಕಿಯೂ ಗೊತ್ತು.

ರೋಗ ಪತ್ತೆಗೆ ಗಂಟಿನ ಹಕ್ಕಳೆಯನ್ನೋ ಮೂಗಿನ ದ್ರವವನ್ನೋ ಮಂಜುಗಡ್ಡೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಔಂಧ್‌ನಲ್ಲೇ ಅಂಥದ್ದೊಂದಿದೆ. ಅಲ್ಲಿ ನಡೆಯುವ ಪಿಸಿಆರ್ ಪರೀಕ್ಷೆ, ಚದುರಂಗದ ಮನೆಗಳಲ್ಲಿ ಕಾಳು ಇಮ್ಮಡಿಸುತ್ತ ಹೋಗುವ ಹಳೆಯ ಕಥೆಯ ಹಾಗೆ. ವೈರಸ್ಸಿನ ಡಿಎನ್‌ಎ ತುಣುಕು ಒಂದಿದ್ದದ್ದು ಎರಡು, ಎರಡು ನಾಲ್ಕು. ಎಲ್ಲವೂ ಸರಿಯಾಗಿ ಇಮ್ಮಡಿಸಿದರೆ ಮೂವತ್ತನೆಯ ಸುತ್ತಿಗೆ 107 ಕೋಟಿ, ನಲವತ್ತಕ್ಕೆ ಒಂದು ಲಕ್ಷ ಕೋಟಿ. ಕಣ್ಣಿಗೆ ಸಿಗದ ಶತ್ರು ಕೆಲವೇ ಗಂಟೆಗಳಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಗೆರೆಯಾಗಿ ಏಳುತ್ತಾನೆ.

ಪುಣೆಗೆ ಇದೆಲ್ಲ ಹೊಸತೇನಲ್ಲ. ದನಗಳ ದೊಡ್ಡರೋಗವನ್ನು ಅಧ್ಯಯನ ಮಾಡಲೆಂದು 1889ರಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲ್ಯಾಬೊರೇಟರಿ ಶುರುವಾದದ್ದು ಇದೇ ಊರಿನಲ್ಲಿ. 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ದೊಡ್ಡರೋಗ ಭೂಮಿಯಿಂದಲೇ ಅಳಿಯಿತೆಂದು ಜಗತ್ತು ಸಾರಿದ್ದು 2011ರಲ್ಲಿ. ನಡುವೆ 122 ವರ್ಷ. ಚರ್ಮಗಂಟು ರೋಗದಲ್ಲಾದರೆ, 2019ರಲ್ಲಿ ರಾಂಚಿಯ ದನಗಳಿಂದ ಸಿಕ್ಕ ವೈರಸ್ಸನ್ನು ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದವರು (ಹೌದು, ಕುದುರೆಯವರೇ) ಪ್ರಯೋಗಾಲಯದ ಜೀವಕೋಶಗಳಲ್ಲಿ ಐವತ್ತು ಸಲ ಬೆಳೆಸಿ, ಅದರ ವಿಷ ಇಳಿಸಿ, 2022ರ ಆಗಸ್ಟಿನಲ್ಲಿ ಲಸಿಕೆಯಾಗಿ ಮುಂದಿಟ್ಟರು. ಅದು ಕೈಗೆ ಬರುವವರೆಗೆ ದನಗಳನ್ನು ಕಾದದ್ದು ಮೇಕೆ ಸಿಡುಬಿನ ಲಸಿಕೆ. ಎರಡು ವೈರಸ್‌ಗಳ ಬರಹ ನೂರಕ್ಕೆ ತೊಂಬತ್ತಾರು ಪಾಲಿಗೂ ಹೆಚ್ಚು ಒಂದೇ ಆದ್ದರಿಂದ ಅದು ಸಾಧ್ಯವಾಯಿತು.

ರಾಂಚಿಯ ಅದೇ ತಳಿಯಿಂದ ನಮ್ಮ ಮಾಲೂರಿನ ಬಯೋವೆಟ್ ಮಾಡಿದ ಲಸಿಕೆಗೆ 2025ರ ಫೆಬ್ರವರಿಯಲ್ಲಿ ಪರವಾನಗಿ ಸಿಕ್ಕಿತು. ಕರ್ನಾಟಕದ ದನಗಳು 84 ಲಕ್ಷಕ್ಕೂ ಮಿಕ್ಕಿ. ಮೇಲಿನ ಲೆಕ್ಕವನ್ನೇ ಹಿಡಿದರೆ ಅಷ್ಟಕ್ಕೂ ಬೇಕಾದ ವೈರಸ್ ಕಾಲು ಮಿಲಿಗ್ರಾಂ.