ಒಂದು ಓದಿಗೆ ಎಷ್ಟು ರೂಪಾಯಿ?

ಐದನೆಯ ತರಗತಿವರೆಗಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯದ ಬಾಬ್ತು ವರ್ಷಕ್ಕೆ 5,000 ರೂಪಾಯಿ. ಎಂಟನೆಯವರೆಗೆ ಇದ್ದರೆ 13,000. ಬಾದಾಮಿ ತಾಲ್ಲೂಕಿನ ತಾಂಡಾದ ಶಾಲೆ ಇರಲಿ, ಇಳಕಲ್ಲಿನ ನೇಕಾರರ ಓಣಿಯ ಶಾಲೆ ಇರಲಿ, ದರ ಒಂದೇ.

ಲೆಕ್ಕಕ್ಕೆ 60 ಮಕ್ಕಳ ಶಾಲೆಯೊಂದನ್ನು ಹಿಡಿಯೋಣ. ಶಿಕ್ಷಣ ಹಕ್ಕು ಕಾಯ್ದೆ ಇಬ್ಬರು ಶಿಕ್ಷಕರನ್ನು ಕೊಡುವುದು ಈ ಸಂಖ್ಯೆಯವರೆಗೆ. ಬಾಗಲಕೋಟೆ, ಹುನಗುಂದದ ಕಡೆ ಹಳ್ಳಿ ತಿರುಗಿದವರಿಗೆ ಇಂಥ ಶಾಲೆ ಹೊಸದಲ್ಲ. 5,000ವನ್ನು 60ರಿಂದ ಭಾಗಿಸಿದರೆ ಮಗುವಿಗೆ ವರ್ಷಕ್ಕೆ 83 ರೂಪಾಯಿ. ಬಿಸಿಯೂಟದ ಮೊಟ್ಟೆಗೆ ಸರ್ಕಾರ ಹಿಡಿದ ದರ 6 ರೂಪಾಯಿ. ಅಂದರೆ ಒಂದು ಮಗುವಿನ ಇಡೀ ವರ್ಷದ ಪುಸ್ತಕದ ಖರ್ಚು 14 ಮೊಟ್ಟೆಗೆ ಸಮ. ಮೊಟ್ಟೆ ಹೆಚ್ಚಾಯಿತು ಎಂದು ಇದರ ಅರ್ಥವಲ್ಲ, ಮತ್ತೆ ಯಾರಾದರೂ ಹಾಗೆ ಹಿಡಿದುಕೊಂಡಾರು!

ಹದಿನಾರು ಪುಟದ, ಬಣ್ಣದ ಚಿತ್ರದ ಮಕ್ಕಳ ಕಥೆ ಪುಸ್ತಕವನ್ನು ಸರಾಸರಿ 50 ರೂಪಾಯಿ ಎಂದು ಇಟ್ಟುಕೊಂಡರೆ 5,000ಕ್ಕೆ 100 ಪುಸ್ತಕ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಸಾಗಣೆಗೆ ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ನಡೆಸುತ್ತಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. ನೂರು ತೆಳು ಪುಸ್ತಕ ಎರಡು ಪೊಟ್ಟಣದಲ್ಲಿ ಬೆಂಗಳೂರಿನಿಂದ ಹುನಗುಂದದ ಅಂಚೆ ಕಚೇರಿಗೆ ಬಂದು ಬೀಳುತ್ತವೆ.

ನೂರು ಸಾಕೇ? ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಶಾಲೆ ನಡೆಯಬೇಕು. ದಿನಕ್ಕೆ 20 ನಿಮಿಷ ಸುಮ್ಮನೆ ಕಥೆ ಓದಲು ಬಿಟ್ಟರೆ 4,000 ನಿಮಿಷ, ಅಂದರೆ 66 ಗಂಟೆ 40 ನಿಮಿಷ. ಒಟ್ಟು ಅವಧಿಯ ಹನ್ನೆರಡನೆಯ ಒಂದು ಪಾಲು. ನಿಪುಣ ಭಾರತ ಯೋಜನೆ ಮೂರನೆಯ ತರಗತಿಯ ಕೊನೆಗೆ ಮಗು ನಿಮಿಷಕ್ಕೆ 60 ಪದ ಓದಬೇಕು ಎನ್ನುತ್ತದೆ. ನಮ್ಮ ಮಗು ತಡವರಿಸುತ್ತ ಅದರ ಅರ್ಧ, 30 ಪದ ಓದಿದರೂ ವರ್ಷಕ್ಕೆ 1,20,000 ಪದ. ಪುಟಕ್ಕೆ 25 ಪದವೆಂದರೆ ಒಂದು ಪುಸ್ತಕಕ್ಕೆ 400. ಹೀಗೆ ಒಂದೇ ಮಗು ವರ್ಷದಲ್ಲಿ 300 ಪುಸ್ತಕ ಮುಗಿಸುತ್ತದೆ. ಆ ನೂರನ್ನೂ ಮೂರು ಮೂರು ಸಲ ಓದಿದಂತಾಯಿತು. ಮಕ್ಕಳಿಗೆ ಓದಿದ್ದನ್ನೇ ಓದಲು ಬೇಸರವಿಲ್ಲ, ಹಾಗಾಗಿ ಅಷ್ಟಕ್ಕೆ ಅಡ್ಡಿಯಿಲ್ಲ. ಆದರೆ ಪಠ್ಯಪುಸ್ತಕ ಒಂದನ್ನೇ ನೆಚ್ಚಿಕೊಂಡು ಓದು ಕಲಿಸುತ್ತೇವೆ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಇಷ್ಟು ಓದು ಏಕೆ ಬೇಕು ಎಂಬುದಕ್ಕೆ ನಮ್ಮ ಲಿಪಿಯಲ್ಲೇ ಉತ್ತರವಿದೆ. ವರ್ಣಮಾಲೆ 49 ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. 34 ವ್ಯಂಜನಕ್ಕೆ ಕಾಗುಣಿತದ 15 ರೂಪ ಸೇರಿಸಿದರೆ 510. ಅದರ ಮೇಲೆ ಒತ್ತಕ್ಷರ. ಹೆಚ್ಚಿನ ಒತ್ತುಗಳು ತಲೆಕಟ್ಟು ಕಳಚಿಟ್ಟ ಮೂಲ ಅಕ್ಷರದಂತೆಯೇ ಕಾಣುತ್ತವೆ. ತ, ನ, ಮ, ಯ, ರ, ಲ ಮಾತ್ರ ವೇಷ ಬದಲಿಸಿ ಬರುತ್ತವೆ. ದಿನದ ಮಾತಿನಲ್ಲಿ ಹೆಚ್ಚು ಬಳಕೆಯಾಗುವವೂ ಇವೇ ಆಗಬೇಕೆ? ಅಮ್ಮ, ಅಣ್ಣನ ಪಕ್ಕದ ತಮ್ಮ, ಹತ್ತಿ, ಎತ್ತು, ಬೆಲ್ಲ. ಸೊನಾಲಿ ನಾಗ್ ಕನ್ನಡ ಮಕ್ಕಳ ಓದಿನ ಮೇಲೆ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ತೋರಿಸಿತು: ಕನ್ನಡದ ಅಕ್ಷರ ಸಂಪತ್ತು ಪೂರ್ತಿ ಕೈವಶವಾಗುವುದು ಒಂದೆರಡು ವರ್ಷದ ಕೆಲಸವಲ್ಲ, ಮೂರು ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ.

ಹುನಗುಂದದ ಬಸ್ ನಿಲ್ದಾಣದಲ್ಲಿ ಇದಕ್ಕೆ ಪುಕ್ಕಟೆ ಪರೀಕ್ಷೆಯೊಂದಿದೆ. ಬೋರ್ಡುಗಳನ್ನು ನೋಡಿ: ಬಾಗಲಕೋಟೆ, ಬಾದಾಮಿ, ಹುನಗುಂದ, ಅಮೀನಗಡ, ಕೂಡಲಸಂಗಮ, ಐಹೊಳೆ. ಒಂದರಲ್ಲೂ ಒತ್ತಿಲ್ಲ. ಕಾಗುಣಿತ ಬಂದ ಎರಡನೆಯ ತರಗತಿಯ ಹುಡುಗಿ ಸರಾಗವಾಗಿ ಓದಿ ಅವ್ವನ ಕಡೆ ತಿರುಗುತ್ತಾಳೆ. ಗುಳೇದಗುಡ್ಡ ಬಂದರೆ ಚೂರು ನಿಲ್ಲುತ್ತಾಳೆ, ದಾಟುತ್ತಾಳೆ. ಡ ಕೆಳಗೆ ಡ ಇದೆ, ಗುರುತು ಸಿಗುತ್ತದೆ. ಪಟ್ಟದಕಲ್ಲಿನಲ್ಲೂ ‘ಟ್ಟ’ ಒಲಿಯುತ್ತದೆ. ‘ಲ್ಲು’ ಹತ್ತಿರ ಗಾಡಿ ನಿಂತಿತು. ಲಕಾರದ ಕೆಳಗಿನ ಆ ಸುರುಳಿ ಯಾವ ಅಕ್ಷರದ್ದೆಂದು ಅವಳಿಗೆ ಯಾರೂ ನೂರು ಸಲ ತೋರಿಸಿಲ್ಲ. ನೂರು ಸಲ ತೋರಿಸುವ ಕೆಲಸ ಮಾಸ್ತರರದ್ದಲ್ಲ, ಕಥೆ ಪುಸ್ತಕದ್ದು.

1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯವೆಲ್ಲ ಹಬ್ಬಿದ ನಲಿ-ಕಲಿಯಲ್ಲಿ ಮೊದಲ ಮೂರು ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡ್ ಹಿಡಿದು ಕಲಿಯುತ್ತಾರೆ. ಅಕ್ಷರದ ಮಟ್ಟಿಗೆ ಒಳ್ಳೆಯ ದಾರಿ. ತೊಡಕು ನಾಲ್ಕನೆಯ ತರಗತಿಯದು: ಕಾರ್ಡ್ ಹೋಗಿ ದಪ್ಪ ಪಠ್ಯ ಬರುತ್ತದೆ, ನಡುವೆ ಮೆಟ್ಟಿಲಿಲ್ಲ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯಲ್ಲಿ ರಾಜ್ಯದ ಸರ್ಕಾರಿ ಶಾಲೆಯ ಮೂರನೆಯ ತರಗತಿಯವರಲ್ಲಿ ಎರಡನೆಯ ತರಗತಿ ಮಟ್ಟದ ಕಥೆ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 19; ಕೊರೋನಾ ಕಳೆದ ಮೇಲೆ 2022ರಲ್ಲಿ 9ರ ಆಸುಪಾಸು. ದೇಶದ ಸರ್ಕಾರಿ ಶಾಲೆಗಳ ಸರಾಸರಿ 2022ರಲ್ಲಿ 16, 2024ರಲ್ಲಿ 23.

ಮನೆಯಲ್ಲಿ ಓದಿಸಿಕೊಳ್ಳಲಿ ಎನ್ನುವ ಮಾತು ಬಾಗಲಕೋಟೆ ಜಿಲ್ಲೆಯಲ್ಲಿ ಅಷ್ಟು ಸಲೀಸಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 69, ಹೆಂಗಸರದು 58, ರಾಜ್ಯದ್ದು 75. ಮನೆಯಲ್ಲಿ ಸಿಗುವುದು ಬೇರೆ ಸರಕು. ಬೀಸುವ ಕಲ್ಲಿನ ಮುಂದಿನ ತ್ರಿಪದಿ ಅಜ್ಜಿಯ ಬಾಯಲ್ಲಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದೇ ಛಂದಸ್ಸು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸಾವಿರದ ಮುನ್ನೂರು ವರ್ಷದ ಹಿಂದೆ ಬಂಡೆಗೆ ಬಿದ್ದಿದೆ. ಕೇಳಿಸಿಕೊಂಡ ಕಿವಿಗೆ ಓದು ಬೇಗ ಹತ್ತುತ್ತದೆ. ಅಜ್ಜಿಯನ್ನು ವಾರಕ್ಕೊಮ್ಮೆ ಶಾಲೆಗೆ ಕರೆದರೆ ಖರ್ಚು ಒಂದು ಕಪ್ ಚಹಾ.

ಈಗ ಮುಖ್ಯ ಲೆಕ್ಕಕ್ಕೆ ಬರೋಣ. 200 ದಿನವೆಂದರೆ ಆರು ದಿನದ ವಾರದಲ್ಲಿ ಸುಮಾರು 33 ವಾರ. ಪ್ರತಿ ಮಗು ವಾರಕ್ಕೊಂದು ಪುಸ್ತಕ ಮನೆಗೆ ಒಯ್ದರೆ 60 ಮಕ್ಕಳಿಂದ 1,980 ಓದು. 5,000 ರೂಪಾಯಿ ಭಾಗಿಸಿ: ಒಂದು ಓದಿಗೆ ಎರಡೂವರೆ ರೂಪಾಯಿ. ಅದೇ ನೂರು ಪುಸ್ತಕ ಅಲ್ಮಾರಿಯಲ್ಲಿ ಕೂತು ವರ್ಷಕ್ಕೆ ಎರಡೆರಡು ಸಲ ಮಾತ್ರ ಹೊರಬಂದರೆ 200 ಓದು. ಒಂದಕ್ಕೆ 25 ರೂಪಾಯಿ. ಹಣ ಅಷ್ಟೇ, ಪುಸ್ತಕವೂ ಅಷ್ಟೇ, ಬೆಲೆ ಮಾತ್ರ ಹತ್ತು ಪಟ್ಟು. ಅನುದಾನ ಕಡಿಮೆ ಎಂದು ಕೂಗುವವರಲ್ಲಿ ನಾನೂ ಒಬ್ಬ. ಆದರೂ ಮೊದಲ ಸೋರಿಕೆ ಇರುವುದು ಬೀಗದಲ್ಲಿ.

ಬೀಗಕ್ಕೆ ಕಾರಣ ಸೋಮಾರಿತನವಲ್ಲ, ರಿಜಿಸ್ಟರು. “ಹರದ್ರ ಆಡಿಟ್‌ನ್ಯಾಗ ಯಾರ್ರೀ ಉತ್ತರ ಕೊಡೋರು?” ಎನ್ನುವ ಹೆಡ್‌ಮಾಸ್ತರರ ಮಾತಿನಲ್ಲಿ ಸುಳ್ಳಿಲ್ಲ. ಸೀಮೆಸುಣ್ಣ ಖರ್ಚಾಗುವ ಸಾಮಾನು, ಸವೆದರೆ ಯಾರೂ ಕೇಳುವುದಿಲ್ಲ. ಕಥೆ ಪುಸ್ತಕ ದಾಸ್ತಾನು ವಹಿಯಲ್ಲಿ ಕುರ್ಚಿ ಮೇಜಿನ ಸಾಲಿನಲ್ಲಿ ಕೂರುತ್ತದೆ. ಆರು ವರ್ಷದ ಮಗು ಮುಟ್ಟಿದ ಪಿನ್ ಹೊಡೆದ ತೆಳು ಪುಸ್ತಕ ಹರಿಯದೆ ಇರುತ್ತದೆಯೇ? ಹರಿಯದಿದ್ದರೆ ಯಾರೂ ಓದಿಲ್ಲ ಎಂದೇ ಲೆಕ್ಕ.

ಇದೇ ಹಣದಲ್ಲಿ ಹೆಚ್ಚು ಪುಸ್ತಕ ಓದಿಸುವ ದಾರಿ ಕ್ಲಸ್ಟರ್, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಮಟ್ಟದ್ದು. ಹತ್ತು ಶಾಲೆಗಳು ಮೊದಲೇ ಮಾತಾಡಿಕೊಂಡು ಬೇರೆ ಬೇರೆ ನೂರು ಪುಸ್ತಕ ಕೊಂಡರೆ 50,000 ರೂಪಾಯಿಗೆ 1,000 ಶೀರ್ಷಿಕೆ. ತಿಂಗಳ ಸಮಾಲೋಚನಾ ಸಭೆಗೆ ಬರುವ ಶಿಕ್ಷಕರು ಒಂದು ಚೀಲ ತಂದು ಇನ್ನೊಂದು ಒಯ್ದರೆ ಸಾಗಣೆಯೂ ಮುಗಿಯಿತು. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್ ಇರುವುದು ಇಳಕಲ್ಲಿನಲ್ಲೇ. ಪಟ್ಟಿ ಆರಿಸಲು ದೂರ ಹೋಗಬೇಕಿಲ್ಲ. ಜೊತೆಗೆ ಪಂಚಾಯ್ತಿ ಗ್ರಂಥಾಲಯ: 2020ರ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಸದಸ್ಯತ್ವ ಉಚಿತ.

ಹೆಡ್‌ಮಾಸ್ತರರು ಅಂಜುವ ಆ ಹರಿಯುವುದಕ್ಕೂ ಒಂದು ಅಂಕಿ ಇಡಬಹುದು. ವರ್ಷಕ್ಕೆ ನೂರಕ್ಕೆ 20 ಪುಸ್ತಕ ಹರಿದರೆ, ಕಳೆದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಠರಾವು ಬರೆದು ವಹಿಯಿಂದ ತೆಗೆಯಲಿ. ಮೊದಲ ವರ್ಷದ ನಷ್ಟ 1,000 ರೂಪಾಯಿ. ಸುಗ್ಗಿ ಮುಗಿದ ಮೇಲೆ ಗೋವಾಕ್ಕೆ ದುಡಿಯಲು ಹೋದವರ ಮಗು ಚೀಲದಲ್ಲಿ ಒಂದು ಪುಸ್ತಕ ಹಾಕಿಕೊಂಡು ಹೋದರೆ ಅದೂ ಆ ಇಪ್ಪತ್ತರಲ್ಲೇ ಬಂತು. ಹೀಗೆ ಕಳೆಯುತ್ತ, ಪ್ರತಿವರ್ಷ ಹೊಸ ನೂರು ಕೂಡಿಸುತ್ತ ಹೋದರೆ ಎರಡನೆಯ ವರ್ಷ 180, ಮೂರನೆಯ ವರ್ಷ 244, ನಾಲ್ಕರಲ್ಲಿ 295, ಐದರಲ್ಲಿ 336 ಪುಸ್ತಕ. ಮಗುವಿಗೆ ಐದಕ್ಕಿಂತ ಹೆಚ್ಚು. ಇದೆಲ್ಲ ಪುಸ್ತಕದ ಬೆಲೆ 50ರಲ್ಲೇ ನಿಂತರೆ. 60ಕ್ಕೆ ಏರಿದ ವರ್ಷ 2018ರಲ್ಲಿ ಗೊತ್ತುಮಾಡಿದ ಆ 5,000ಕ್ಕೆ ಬರುವುದು 83 ಪುಸ್ತಕ.