ಸಬರಮತಿ ನದಿತೀರ ಅಭಿವೃದ್ಧಿ ಯೋಜನೆ

ಸಬರಮತಿ ನದಿತೀರ ಅಭಿವೃದ್ಧಿ ಯೋಜನೆಯು ಗುಜರಾತಿನ ಅಹಮದಾಬಾದ್ ನಗರದಲ್ಲಿ ಸಬರಮತಿ ನದಿಯ ಎರಡೂ ದಡಗಳನ್ನು ವಾಯುವಿಹಾರ, ವ್ಯಾಪಾರ ಮತ್ತು ದೋಣಿವಿಹಾರಕ್ಕಾಗಿ ಮರುರೂಪಿಸಿದ ನಗರಾಭಿವೃದ್ಧಿ ಯೋಜನೆಯಾಗಿದೆ. ಇದರ ಮೊದಲ ಹಂತವು ಪ್ರತಿ ದಡದಲ್ಲಿ ಸುಮಾರು 11 ಕಿ.ಮೀ. ಉದ್ದಕ್ಕೆ ಹರಡಿದೆ. ಭಾರತದ ಇತರ ನಗರಗಳ ನದಿತೀರ ಯೋಜನೆಗಳಿಗೆ ಇದನ್ನು ಮಾದರಿಯಾಗಿ ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ಅಹಮದಾಬಾದ್ ನಗರವು 1411ರಲ್ಲಿ ಈ ನದಿಯ ಪೂರ್ವ ದಡದಲ್ಲಿ ಸ್ಥಾಪನೆಯಾಯಿತು. ಮಹಾತ್ಮ ಗಾಂಧಿಯವರ ಸಬರಮತಿ ಆಶ್ರಮವು ಪಶ್ಚಿಮ ದಡದಲ್ಲಿದೆ. ಸಬರಮತಿಯು ಮಳೆಯಾಶ್ರಿತ ನದಿ. ಬೇಸಿಗೆಯಲ್ಲಿ ಒಣಗುತ್ತಿದ್ದ ಇದರ ಪಾತ್ರದಲ್ಲಿ ತರಕಾರಿ ಬೆಳೆಯುವುದು, ಬಟ್ಟೆ ಒಗೆಯುವುದು ಮತ್ತು ವಾರದ ಸಂತೆ ನಡೆಯುತ್ತಿದ್ದವು. ದಡಗಳಲ್ಲಿ ಸಾವಿರಾರು ಬಡ ಕುಟುಂಬಗಳು ವಾಸವಾಗಿದ್ದವು. ನಗರದ ಚರಂಡಿ ನೀರು ನೇರವಾಗಿ ನದಿಯನ್ನು ಸೇರುತ್ತಿತ್ತು.

ವಿನ್ಯಾಸ ಮತ್ತು ನಿರ್ಮಾಣ

ನದಿತೀರದ ಅಭಿವೃದ್ಧಿಯ ಕಲ್ಪನೆಯನ್ನು 1960ರ ದಶಕದಲ್ಲಿ ವಾಸ್ತುಶಿಲ್ಪಿ ಬರ್ನಾರ್ಡ್ ಕೋನ್ ಮುಂದಿಟ್ಟರು. 1997ರಲ್ಲಿ ಮಹಾನಗರ ಪಾಲಿಕೆಯು ಇದಕ್ಕಾಗಿ ಪ್ರತ್ಯೇಕ ನಿಗಮವನ್ನು ಸ್ಥಾಪಿಸಿತು. ವಾಸ್ತುಶಿಲ್ಪಿ ಬಿಮಲ್ ಪಟೇಲ್ ಅವರ ಸಂಸ್ಥೆಯು ವಿನ್ಯಾಸವನ್ನು ಸಿದ್ಧಪಡಿಸಿತು. 2005ರಲ್ಲಿ ಕಾಮಗಾರಿ ಆರಂಭವಾಗಿ, 2012ರಿಂದ ತೀರವು ಹಂತಹಂತವಾಗಿ ಸಾರ್ವಜನಿಕರಿಗೆ ತೆರೆದುಕೊಂಡಿತು.

ಅಗಲದಲ್ಲಿ ಏರಿಳಿತವಿದ್ದ ನದಿಪಾತ್ರವನ್ನು ತಡೆಗೋಡೆಗಳ ಮೂಲಕ ಸುಮಾರು 263 ಮೀಟರ್ ಅಗಲಕ್ಕೆ ಸೀಮಿತಗೊಳಿಸಲಾಯಿತು. ಇದರಿಂದ ಸುಮಾರು 200 ಹೆಕ್ಟೇರ್ ಹೊಸ ಭೂಮಿ ದೊರೆಯಿತು. ಅದರ ಹೆಚ್ಚಿನ ಭಾಗವನ್ನು ರಸ್ತೆ, ಉದ್ಯಾನ ಮುಂತಾದ ಸಾರ್ವಜನಿಕ ಬಳಕೆಗೆ ಮೀಸಲಿಟ್ಟು, ಸಣ್ಣ ಭಾಗವನ್ನು ವಾಣಿಜ್ಯ ಬಳಕೆಗೆ ಮಾರಿ ವೆಚ್ಚವನ್ನು ಭರಿಸುವುದು ಯೋಜನೆಯ ಆರ್ಥಿಕ ತಳಹದಿಯಾಗಿದೆ. ಚರಂಡಿ ನೀರನ್ನು ತಡೆದು ಶುದ್ಧೀಕರಣ ಘಟಕಗಳಿಗೆ ಸಾಗಿಸಲು ಎರಡೂ ದಡಗಳಲ್ಲಿ ಒಳಚರಂಡಿ ಕೊಳವೆಗಳನ್ನು ಅಳವಡಿಸಲಾಗಿದೆ.

ನೀರಿನ ಮೂಲ

ನಗರದಲ್ಲಿ ವರ್ಷವಿಡೀ ಕಾಣುವ ತುಂಬುನೀರು ಸಬರಮತಿಯ ಸಹಜ ಹರಿವಲ್ಲ. ನದಿಯ ಮೇಲ್ಭಾಗದಲ್ಲಿ ಧರೋಯಿ ಅಣೆಕಟ್ಟು ಇದೆ. ನಗರದ ಬಳಿ ನದಿಯನ್ನು ದಾಟುವ ನರ್ಮದಾ ಮುಖ್ಯ ಕಾಲುವೆಯಿಂದ ನೀರನ್ನು ಹರಿಸಿ, ಕೆಳಭಾಗದ ವಾಸಣಾ ಬ್ಯಾರೇಜಿನಲ್ಲಿ ತಡೆಹಿಡಿಯಲಾಗುತ್ತದೆ. ಹೀಗಾಗಿ ಈ ಭಾಗವು ನದಿಗಿಂತ ಹೆಚ್ಚಾಗಿ ನೀಳವಾದ ಜಲಾಶಯದಂತಿದ್ದು, ದೋಣಿವಿಹಾರವೂ ಈ ನೀರನ್ನೇ ಅವಲಂಬಿಸಿದೆ.

ಸೌಲಭ್ಯಗಳು

ನೀರಿನ ಮಟ್ಟಕ್ಕೆ ಸಮೀಪದಲ್ಲಿ ಪಾದಚಾರಿಗಳ ಕೆಳಹಾದಿಯೂ, ನಗರದ ಮಟ್ಟದಲ್ಲಿ ಮೇಲುಹಾದಿಯೂ ಇವೆ. ಉದ್ಯಾನಗಳು, ದೋಣಿ ನಿಲ್ದಾಣಗಳು, ಮೇಳದ ಮೈದಾನ ಹಾಗೂ ಅಗಸರಿಗಾಗಿ ನಿರ್ಮಿಸಿದ ಧೋಬಿಘಾಟ್ ಇತರ ಸೌಲಭ್ಯಗಳಾಗಿವೆ. ಫಲಪುಷ್ಪ ಪ್ರದರ್ಶನ ಮತ್ತು ಗಾಳಿಪಟ ಉತ್ಸವಗಳು ಇಲ್ಲಿ ನಡೆಯುತ್ತವೆ. ಪಾದಚಾರಿಗಳಿಗೆ ಮೀಸಲಾದ ಅಟಲ್ ಸೇತುವೆಯು 2022ರಲ್ಲಿ ಉದ್ಘಾಟನೆಗೊಂಡಿತು.

ಪುನರ್ವಸತಿ

ಯೋಜನೆಯಿಂದಾಗಿ 10,000ಕ್ಕೂ ಹೆಚ್ಚು ಕುಟುಂಬಗಳು ಸ್ಥಳಾಂತರಗೊಂಡವು. ನಿವಾಸಿಗಳ ಸಂಘಟನೆಯು 2005ರಲ್ಲಿ ಗುಜರಾತ್ ಉಚ್ಚ ನ್ಯಾಯಾಲಯದ ಮೊರೆಹೋಯಿತು. ಪುನರ್ವಸತಿ ಕಲ್ಪಿಸದೆ ಜನರನ್ನು ತೆರವುಗೊಳಿಸುವುದಕ್ಕೆ ನ್ಯಾಯಾಲಯವು ತಡೆ ನೀಡಿತು. ಬಳಿಕ ಅನೇಕರಿಗೆ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಮನೆ ದೊರೆತರೂ, ಹಲವು ಮನೆಗಳು ದುಡಿಮೆಯ ಸ್ಥಳದಿಂದ ದೂರವಿದ್ದುದು ಜೀವನೋಪಾಯಕ್ಕೆ ತೊಡಕಾಯಿತು. ರವಿವಾರದ ಸಂತೆಯಾದ ಗುಜರಿ ಬಜಾರ್‌ಗೆ ತೀರದಲ್ಲಿಯೇ ಹೊಸ ಜಾಗ ನೀಡಲಾಯಿತು.

ಪರಿಸರ ಸಂಬಂಧಿ ಟೀಕೆಗಳು

ನದಿಪಾತ್ರವನ್ನು ಕಿರಿದಾಗಿಸಿದ್ದು ಮತ್ತು ಇಳಿಜಾರಿನ ಸಹಜ ದಡಗಳನ್ನು ಕಾಂಕ್ರೀಟಿನಿಂದ ಮುಚ್ಚಿದ್ದು ಟೀಕೆಗೆ ಒಳಗಾಗಿವೆ. ವಾಸಣಾ ಬ್ಯಾರೇಜಿನ ಕೆಳಗೆ ನದಿಯು ಮುಖ್ಯವಾಗಿ ಚರಂಡಿ ಹಾಗೂ ಕೈಗಾರಿಕಾ ತ್ಯಾಜ್ಯ ನೀರನ್ನು ಹೊತ್ತು ಸಾಗುತ್ತದೆ. ಈ ಮಾಲಿನ್ಯದ ಕುರಿತು ಉಚ್ಚ ನ್ಯಾಯಾಲಯವು 2021ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆಯನ್ನು ಕೈಗೆತ್ತಿಕೊಂಡಿತು.